ರಜೆಯ ಮಕ್ಕಳು, ಸೆಕೆಯ ನಾಯಿ

ಕೊಡಗು ಎಂದರೆ ಮಂಜು, ಕಂಬಳಿ, ಒಲೆಯ ಪಕ್ಕದ ಜಾಗ ಎಂದುಕೊಂಡು ಏಪ್ರಿಲ್ ರಜೆಗೆ ಕರಿಕೆಯ ಅಜ್ಜನ ಮನೆಗೆ ಬಂದಿಳಿದವರಿಗೆ ಮೊದಲ ಮಧ್ಯಾಹ್ನವೇ ಆ ಭ್ರಮೆ ಬಿಟ್ಟುಹೋಗುತ್ತದೆ. ಭಾಗಮಂಡಲದಿಂದ ಕಾಡಿನ ನಡುವಿನ ಘಾಟಿ ಇಳಿಯುತ್ತಿದ್ದಂತೆ ರಬ್ಬರು, ಅಡಿಕೆ, ತೆಂಗಿನ ತೋಟಗಳು ಶುರುವಾಗುತ್ತವೆ. ಇನ್ನೂ ಮುಂದೆ ಹೋದರೆ ಪಾಣತ್ತೂರು, ಅಂದರೆ ಕೇರಳ. ಆಡಳಿತಕ್ಕೆ ಕರಿಕೆ ಮಡಿಕೇರಿ ತಾಲ್ಲೂಕಿನ ಊರಾದರೂ ಇಲ್ಲಿನ ಸೆಕೆ ಕಾಸರಗೋಡಿನದು. ಬಿಸಿಲಿಗಿಂತ ಹೆಚ್ಚಾಗಿ ಗಾಳಿಯ ತೇವದಿಂದ ಕಾಡುವ, ಕೂತಲ್ಲೇ ಬೆವರಿಳಿಸುವ ಸೆಕೆ.

ಮಕ್ಕಳ ಬೇಸಿಗೆ ರಜೆ ಬರುವುದೂ ಸರಿಯಾಗಿ ಈ ಹೊತ್ತಿಗೇ. ಶಾಲೆ ನಡೆಯುತ್ತಿದ್ದಾಗ ಹಗಲಿಡೀ ಜಗಲಿಯ ಮೂಲೆಯಲ್ಲಿ ತನ್ನ ಪಾಡಿಗೆ ಮಲಗಿರುತ್ತಿದ್ದ ನಾಯಿಗೆ ಈಗ ಬೆಳಗಿನಿಂದ ಸಂಜೆಯವರೆಗೆ ಜೊತೆಗಾರರು. ಬೆಂಗಳೂರು, ಮೈಸೂರುಗಳಿಂದ ಬಂದ ಮೊಮ್ಮಕ್ಕಳು ಸೇರಿದರಂತೂ ಅಂಗಳದಲ್ಲಿ ಆಟಕ್ಕೆ ಬಿಡುವೇ ಇಲ್ಲ. "ಮೊಬೈಲ್ ನೋಡ್ತಾ ಕೂರೋ ಬದಲು ಹೋಗಿ ನಾಯಿ ಜೊತೆ ಆಡ್ಕೊಳ್ಳಿ" ಎಂದು ಕಳಿಸುವವರೂ ನಾವೇ. ಆ ಮಾತು ಸರಿಯಾದದ್ದು. ನಾಯಿಯೊಂದಿಗೆ ಬೆಳೆಯುವ ಮಗುವಿಗೆ ಸಿಗುವ ಸುಖ ದೊಡ್ಡದು. ಮಾತನ್ನು ಹೇಳುವ ಹೊತ್ತನ್ನು ಮಾತ್ರ ಸ್ವಲ್ಪ ಯೋಚಿಸಬೇಕು.

ಸೆಕೆಗೆ ನಾಯಿ ಸತ್ತಿತು ಎಂದರೆ ಯಾರೋ ಕರುಣೆಯಿಲ್ಲದವರು ಬಿಸಿಲಲ್ಲಿ ಕಟ್ಟಿಹಾಕಿರಬೇಕು ಎಂದು ಊಹಿಸುತ್ತೇವೆ. ದಾಖಲೆಗಳು ಬೇರೆಯೇ ಹೇಳುತ್ತವೆ. ಬ್ರಿಟನ್ನಿನ ಎಮಿಲಿ ಹಾಲ್, ಆನ್ ಕಾರ್ಟರ್, ಡ್ಯಾನ್ ಓನೀಲ್ ಎಂಬ ಸಂಶೋಧಕರು ಅಲ್ಲಿನ ಪಶು ಚಿಕಿತ್ಸಾಲಯಗಳ ದಾಖಲೆ ಪರಿಶೀಲಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸೆಕೆಯಿಂದ ಕಾಯಿಲೆ ಬಿದ್ದ ನಾಯಿಗಳಲ್ಲಿ ಸುಮಾರು ಮುಕ್ಕಾಲು ಪಾಲಿಗೆ ಕಾರಣವಾದದ್ದು ಓಟ, ನಡಿಗೆ, ಆಟ. ಕಾರಿನೊಳಗೆ ಸಿಕ್ಕಿಕೊಂಡು ಬಳಲಿದವು ನೂರಕ್ಕೆ ಐದರಷ್ಟು. ಅಂದರೆ ಈ ತೊಂದರೆ ಹೆಚ್ಚಾಗಿ ಬರುವುದು ನಾಯಿಯನ್ನು ಪ್ರೀತಿಸುವ ಮನೆಗಳಿಗೇ, ನಾಯಿಗೆ ಖುಷಿ ಕೊಡಲು ಹೊರಟ ಗಳಿಗೆಯಲ್ಲೇ. ಆದ್ದರಿಂದ ಪೋಷಕರಾದ ನಿಮ್ಮ ಜೊತೆ ಮಾತಾಡಬೇಕಾಗಿದೆ. ಎಲ್ಲಿ ನಿಲ್ಲಬೇಕೆಂದು ನಾಯಿಗೆ ಗೊತ್ತಾಗದು, ಮಗುವಿಗೂ ಗೊತ್ತಾಗದು. ನಿಲ್ಲಿಸುವ ಹೊಣೆ ದೊಡ್ಡವರದು.

ಏಕೆ ಗೊತ್ತಾಗದು ಎಂಬುದನ್ನು ಮೊದಲು ನೋಡೋಣ. ಅದು ತಿಳಿದರೆ ಉಪಾಯಗಳು ನಿಮಗೇ ಹೊಳೆಯುತ್ತವೆ.

ನಮ್ಮ ಮೈಯ ಸೆಕೆ ಹೊರಹೋಗುವುದು ಚರ್ಮದಿಂದ. ಮೈತುಂಬ ಇರುವ ಬೆವರಿನ ಗ್ರಂಥಿಗಳು ನೀರು ಸುರಿಸುತ್ತವೆ, ಆ ನೀರು ಆರುವಾಗ ಮೈಯ ಬಿಸಿಯನ್ನೂ ಎಳೆದುಕೊಂಡು ಹೋಗುತ್ತದೆ. ನಾಯಿಗೆ ಈ ಸೌಕರ್ಯವಿಲ್ಲ. ಸೆಕೆಗೆ ಬೆವರುವ ಗ್ರಂಥಿಗಳು ಅದರ ಅಂಗಾಲಿನ ಮೆತ್ತೆಗಳಲ್ಲಿ ಮಾತ್ರ ಇವೆ. ಅಷ್ಟು ಪುಟ್ಟ ಜಾಗದಿಂದ ಆಗುವ ಪ್ರಯೋಜನ ತೀರಾ ಕಡಿಮೆ. ಅದರ ಮುಖ್ಯ ಆಸರೆ ಏದುಸಿರು. ಸುಮ್ಮನೆ ಮಲಗಿರುವ ನಾಯಿ ನಿಮಿಷಕ್ಕೆ 10ರಿಂದ 30 ಸಲ ಉಸಿರಾಡಿದರೆ, ಸೆಕೆಯಾದಾಗ ಅದು 300ರವರೆಗೂ ಏರಬಲ್ಲದು. ಹೀಗೆ ಗಿಡ್ಡ ಉಸಿರುಗಳನ್ನು ಬಿಡುತ್ತಾ ಮೂಗು, ನಾಲಿಗೆ, ಗಂಟಲಿನ ಒದ್ದೆಯ ಮೇಲೆ ಗಾಳಿ ಹಾಯಿಸಿ, ಆ ಒದ್ದೆ ಆರುವ ಮೂಲಕ ರಕ್ತವನ್ನು ತಣಿಸಿಕೊಳ್ಳುತ್ತದೆ.

ಎಲ್ಲವೂ ನಿಂತಿರುವುದು ಆ ಒದ್ದೆ ಆರುವುದರ ಮೇಲೆ. ಮಳೆಗೆ ಮುಂಚಿನ ಮೇ ತಿಂಗಳಲ್ಲಿ ತಂತಿಯ ಮೇಲೆ ಹಾಕಿದ ಬಟ್ಟೆ ಸಂಜೆಯಾದರೂ ಹಸಿಹಸಿಯಾಗೇ ಇರುವಂತೆ, ಗಾಳಿಯಲ್ಲೇ ನೀರು ತುಂಬಿಕೊಂಡಾಗ ನಾಯಿಯ ನಾಲಿಗೆಯೂ ಆರುವುದಿಲ್ಲ. ಉಸಿರು ಎಷ್ಟೇ ಜೋರಾದರೂ ಸೆಕೆ ಹೊರಹೋಗುವುದಿಲ್ಲ. ಮೇಲಾಗಿ ಏದುಸಿರು ಬಿಡುವುದೂ ಸ್ನಾಯುಗಳು ಮಾಡುವ ಕೆಲಸವೇ ಆದ್ದರಿಂದ ಅದೇ ಇನ್ನಷ್ಟು ಬಿಸಿ ಹುಟ್ಟಿಸುತ್ತದೆ. ಕಲಬುರಗಿಯ 40 ಡಿಗ್ರಿಯ ಒಣ ಬಿಸಿಲಿಗೆ ಹೆದರುವ ನಾವು ಕರಿಕೆಯ 33 ಡಿಗ್ರಿಯ ತೇವದ ಮಧ್ಯಾಹ್ನವನ್ನು ಹಗುರವಾಗಿ ಕಾಣುತ್ತೇವೆ. ಓಡುವ ನಾಯಿಯ ಮಟ್ಟಿಗೆ ಈ ಲೆಕ್ಕ ತಪ್ಪು. ಇಲ್ಲಿ ಗೋಡೆಯ ಥರ್ಮಾಮೀಟರಿಗಿಂತ ತಂತಿಯ ಮೇಲಿನ ಬಟ್ಟೆಯನ್ನು ನಂಬುವುದು ಒಳ್ಳೆಯದು.

ಆರೋಗ್ಯವಂತ ನಾಯಿಯ ಮೈ ಬಿಸಿ ಸುಮಾರು 38ರಿಂದ 39 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ಒಂದೆರಡು ಡಿಗ್ರಿ ಹೆಚ್ಚು. ಓಡುವಾಗ ಸ್ನಾಯುಗಳು ಬಳಸುವ ಶಕ್ತಿಯ ಬಹುಪಾಲು ಬಿಸಿಯಾಗಿಯೇ ಹೊರಬೀಳುತ್ತದೆ. ಆ ಬಿಸಿ ಮೈಯಲ್ಲೇ ಕೂಡುತ್ತಾ 41 ಡಿಗ್ರಿ ದಾಟಿದರೆ ಅದು ಶಾಖಾಘಾತ, ಜನರ ಮಾತಿನಲ್ಲಿ ಹೀಟ್ ಸ್ಟ್ರೋಕ್. 43ರ ಹೊತ್ತಿಗೆ ಮೆದುಳು, ಕರುಳು, ಮೂತ್ರಪಿಂಡಗಳ ಜೀವಕೋಶಗಳೇ ಹಾಳಾಗತೊಡಗುತ್ತವೆ. 39ಕ್ಕೂ 41ಕ್ಕೂ ಇರುವುದು ಎರಡೇ ಡಿಗ್ರಿ ಅಂತರ. ಸೆಕೆಯಲ್ಲಿ ಚೆಂಡಿನ ಹಿಂದೆ ಎಡೆಬಿಡದೆ ಓಡುವ ನಾಯಿ ಅದನ್ನು ಬೇಗನೇ ದಾಟಿಬಿಡಬಲ್ಲದು.

ಹಾಗಾದರೆ ನಾಯಿ ತಾನಾಗಿಯೇ ಯಾಕೆ ನಿಲ್ಲುವುದಿಲ್ಲ? ಒಂಟಿಯಾಗಿದ್ದರೆ ನಿಲ್ಲುತ್ತದೆ. ಮನೆಯವರಾರೂ ಕರೆಯದ ಮಧ್ಯಾಹ್ನ ಅದು ಏನು ಮಾಡುತ್ತದೆ ಎಂದು ಗಮನಿಸಿ ನೋಡಿ. ಬಚ್ಚಲಿನ ನೀರು ಹರಿಯುವ ಕಡೆ ಹೋಗುತ್ತದೆ, ದಾಸವಾಳದ ಬುಡವನ್ನು ಕೆರೆದು ಮೇಲಿನ ಬಿಸಿ ಮಣ್ಣನ್ನು ಅತ್ತ ಎಸೆದು ಒಳಗಿನ ತಣ್ಣನೆಯ ಮಣ್ಣಿಗೆ ಹೊಟ್ಟೆ ಒತ್ತಿ ಮಲಗುತ್ತದೆ. ಕೂದಲು ಕಡಿಮೆಯಿರುವ ಹೊಟ್ಟೆಯ ಭಾಗದಿಂದ ಸೆಕೆ ಬೇಗ ಇಳಿಯುತ್ತದೆಂದು ಅದರ ಮೈಗೆ ಗೊತ್ತು. ಅಜ್ಜಿಯ ಅರಿಶಿನದ ಪಾತಿ ಹಾಳಾಯಿತೆಂದು ಅದಕ್ಕೆ ಕೋಲು ತೋರಿಸುವುದುಂಟು. ಪಾತಿಗೆ ಬೇಲಿ ಹಾಕಿ, ನೆರಳಲ್ಲಿ ಅದಕ್ಕೇ ಒಂದು ಮಣ್ಣಿನ ಗುಂಡಿ ಬಿಟ್ಟುಕೊಡಿ. ಅದು ತುಂಟತನ ಮಾಡುತ್ತಿಲ್ಲ, ತನ್ನ ಚಿಕಿತ್ಸೆಯನ್ನು ತಾನೇ ಮಾಡಿಕೊಳ್ಳುತ್ತಿದೆ.

ಆದರೆ ಅದೇ ನಾಯಿಯನ್ನು ಮನೆಯ ಮಗು ಕರೆದರೆ ಮೈಯ ಈ ಬುದ್ಧಿ ಹಿಂದೆ ಸರಿಯುತ್ತದೆ. ಸಾವಿರಾರು ವರ್ಷ ಮನುಷ್ಯನ ಜೊತೆ ಬದುಕುತ್ತಾ ಬಂದ ಪ್ರಾಣಿಗೆ ನಮ್ಮ ಕರೆ, ನಮ್ಮ ಮೆಚ್ಚುಗೆ, ಓಡುತ್ತಿರುವ ಚೆಂಡು ಇವೆಲ್ಲ ದಣಿವಿಗಿಂತ ಬಲವಾದ ಸೆಳೆತಗಳು. ಎಸೆದದ್ದನ್ನು ಹಿಡಿದು ತರಲೆಂದೇ ತಲೆಮಾರುಗಳಿಂದ ಆಯ್ದು ಬೆಳೆಸಿದ ಲ್ಯಾಬ್ರಡಾರ್‌ನಂಥ ತಳಿಗಳಲ್ಲಿ ಈ ಗುಣ ಇನ್ನೂ ಗಟ್ಟಿ. ಉತ್ಸಾಹ ಏರಿದಾಗ ದಣಿವಿನ ಸುಳಿವು ನಾಯಿಯ ಅರಿವಿಗೇ ಬಾರದು. "ಸಾಕಾದರೆ ಅದೇ ನಿಲ್ಲಿಸುತ್ತೆ ಬಿಡಿ" ಎಂಬ ಮಾತನ್ನು ಎಷ್ಟೋ ಮನೆಗಳಲ್ಲಿ ಕೇಳಿದ್ದೇನೆ. ನಿಲ್ಲಿಸದ ನಾಯಿಗಳೇ ಆಸ್ಪತ್ರೆಗೆ ಬರುವುದು.

ಇನ್ನು ಮಗುವಿನ ಕಡೆಯಿಂದ ನೋಡಿ. ನಾಯಿ ಬಾಯಿ ಅಗಲಿಸಿ, ನಾಲಿಗೆ ಚಾಚಿ, ತುಟಿಯ ಅಂಚು ಹಿಂದಕ್ಕೆಳೆದು ನಿಂತಿದೆ. "ಅಮ್ಮಾ, ಟಾಮಿ ನಗ್ತಿದೆ ನೋಡು!" ಮನುಷ್ಯರ ಮುಖ ನೋಡಿ ಭಾವನೆ ಕಲಿತ ಮಗುವಿಗೆ ಆ ಮುಖ ಹಾಗೆಯೇ ಕಾಣಬೇಕು. ಬ್ರಿಟನ್ನಿನ ಲಿಂಕನ್ ವಿಶ್ವವಿದ್ಯಾಲಯದಲ್ಲಿ ಕೆರ್ಸ್ಟಿನ್ ಮೇಂಟ್ಸ್ ಅವರ ತಂಡ ನಡೆಸಿದ ಅಧ್ಯಯನಗಳಲ್ಲಿ, ಹಲ್ಲು ಕಿರಿದು ಗುರುಗುಟ್ಟುವ ನಾಯಿಯನ್ನೂ ಖುಷಿಯಲ್ಲಿದೆ ಎಂದೇ ಓದಿದ ಪುಟ್ಟ ಮಕ್ಕಳು ಬಹಳ. ಗುರುಗುಟ್ಟುವುದೇ ನಗುವಾಗಿ ಕಂಡ ಮೇಲೆ ಏದುಸಿರು ನಗುವಾಗಿ ಕಾಣುವುದರಲ್ಲಿ ಆಶ್ಚರ್ಯವೇನಿದೆ? ನಾಯಿ ನಗುತ್ತಿರುವಾಗ ಆಟ ನಿಲ್ಲಿಸು ಎಂದರೆ ಮಗುವಿಗೆ ಅದು ಅನ್ಯಾಯವಾಗಿ ಕೇಳುತ್ತದೆ. ಅದರ ಹಠದ ಹಿಂದೆ ಇರುವುದು ಅವಿಧೇಯತೆಯಲ್ಲ, ಓದಲು ಇನ್ನೂ ಕಲಿಯದ ಒಂದು ಮುಖ.

ಹೀಗಾಗಿ "ಸಾಕು, ಒಳಗೆ ಬಾ, ಪಾಪದ ಪ್ರಾಣೀನ ಸಾಯಿಸ್ತೀಯಾ" ಎಂದು ಗದರುವುದರಿಂದ ಕೆಲಸವಾಗುವುದಿಲ್ಲ. ಮಗು ಆ ಹೊತ್ತಿಗೆ ನಿಲ್ಲಿಸಬಹುದು, ಆದರೆ ಕಲಿಯುವುದು ಅಮ್ಮನ ಸಿಟ್ಟನ್ನು, ನಾಯಿಯ ಸ್ಥಿತಿಯನ್ನಲ್ಲ. ನಾಯಿಯ ನಾಲಿಗೆಯನ್ನು ಓದಲು ಕಲಿಸಿ. ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿ: ಸುಮ್ಮನೆ ಖುಷಿಯಲ್ಲಿರುವಾಗ ನಾಲಿಗೆ ಬಾಯಿಯ ಮುಂಭಾಗದಲ್ಲಿ ಸಡಿಲವಾಗಿ ಇರುತ್ತದೆ, ನಡುನಡುವೆ ಒಳಗೂ ಹೋಗುತ್ತದೆ. ಸೆಕೆ ಏರಿದಂತೆ ನಾಲಿಗೆ ಉದ್ದಕ್ಕೆ ಇಳಿಬೀಳುತ್ತದೆ, ತುದಿ ಸೌಟಿನ ಹಾಗೆ ಅಗಲವಾಗುತ್ತದೆ, ಬಣ್ಣ ಗಾಢವಾಗುತ್ತದೆ. ಜೊಲ್ಲು ತೆಳ್ಳಗಿದ್ದದ್ದು ದಪ್ಪಗಾಗಿ ದಾರದಂತೆ ಜೋತುಬೀಳುತ್ತದೆ. ಕಣ್ಣು ಅಗಲವಾಗಿ, ಕೆನ್ನೆಯ ಸ್ನಾಯುಗಳು ಹಿಂದಕ್ಕೆ ಎಳೆದುಕೊಂಡಿರುತ್ತವೆ. ನೆರಳಲ್ಲಿ ನಿಂತಿದ್ದರೂ ಹತ್ತು ನಿಮಿಷದಲ್ಲಿ ಉಸಿರು ತಗ್ಗದಿದ್ದರೆ ಆ ದಿನದ ಓಟ ಮುಗಿದಂತೆ. ಒಮ್ಮೆ ಇದನ್ನು ಕಣ್ಣಾರೆ ಕಂಡ ಎಂಟು ವರ್ಷದ ಮಗು ಮನೆಯ ದೊಡ್ಡವರಿಗಿಂತ ಮೊದಲೇ ಗುರುತಿಸುತ್ತದೆ. ನಾಲ್ಕೈದು ವರ್ಷದವರಿಗೆ ಇಷ್ಟು ಸಾಧ್ಯವಿಲ್ಲ. ಅವರ ಆಟ ಯಾವಾಗಲೂ ದೊಡ್ಡವರೊಬ್ಬರ ಕಣ್ಣೆದುರಿಗೇ ಇರಲಿ.

ಎಲ್ಲ ನಾಯಿಗಳ ಕಷ್ಟವೂ ಒಂದೇ ಪ್ರಮಾಣದ್ದಲ್ಲ. 2003ರಲ್ಲಿ ಹಚ್ ಕಂಪನಿಯ ಜಾಹೀರಾತೊಂದರಲ್ಲಿ ಹುಡುಗನೊಬ್ಬ ಎಲ್ಲಿ ಹೋದರೂ ಹಿಂದೆಯೇ ಓಡುವ ಪುಟ್ಟ ಪಗ್ ನಾಯಿ ಬಂದಿತು. ಅಂದಿನಿಂದ ಆ ತಳಿಗೆ ನಮ್ಮಲ್ಲಿ "ಹಚ್ ನಾಯಿ" ಎಂದೇ ಹೆಸರು. ಮಗುವಿಗೆ ಗೆಳೆಯನೆಂದು ಅದನ್ನು ತಂದ ಮನೆಗಳು ಲೆಕ್ಕವಿಲ್ಲದಷ್ಟು. ಆದರೆ ಸೆಕೆಯಲ್ಲಿ ಮಗುವಿನ ಹಿಂದೆ ಓಡಬಾರದ ನಾಯಿ ಯಾವುದೆಂದರೆ ಅದೇ. ಮೂತಿ ಗಿಡ್ಡವಾದಂತೆ ಮೂಗಿನೊಳಗೆ ಗಾಳಿ ತಣಿಯುವ ಜಾಗವೂ ಕುಗ್ಗುತ್ತದೆ, ಗಂಟಲಿನಲ್ಲಿ ಹೆಚ್ಚಿನ ಮಾಂಸ ಅಡ್ಡ ನಿಲ್ಲುತ್ತದೆ. ಮೇಲೆ ಹೇಳಿದ ಬ್ರಿಟಿಷ್ ಸಂಶೋಧಕರ ಇನ್ನೊಂದು ಅಧ್ಯಯನದಲ್ಲಿ ಲ್ಯಾಬ್ರಡಾರ್‌ಗೆ ಹೋಲಿಸಿದರೆ ಪಗ್‌ಗೆ ಅಪಾಯ ಮೂರು ಪಟ್ಟು, ಬುಲ್‌ಡಾಗ್‌ಗೆ ಸುಮಾರು 14 ಪಟ್ಟು. ಪಗ್ ಮಲಗಿದಾಗ ಗೊರಕೆ ಹೊಡೆಯುವುದನ್ನು ಮುದ್ದಾಗಿದೆಯೆಂದು ವಿಡಿಯೋ ಮಾಡುತ್ತೇವೆ. ಅದು ಉಸಿರಿನ ದಾರಿ ಕಿರಿದಾಗಿರುವ ಗುರುತು. ದಪ್ಪಗಾದ ನಾಯಿ, ವಯಸ್ಸಾದ ನಾಯಿ, ಹೃದಯದ ತೊಂದರೆಯಿರುವ ನಾಯಿ ಇವೂ ಇದೇ ಸಾಲಿಗೆ ಸೇರುತ್ತವೆ. ನಮ್ಮದೇ ಮುಧೋಳ ನಾಯಿಗೆ ಉದ್ದ ಮೂತಿ, ತೆಳ್ಳನೆ ಮೈ, ಗಿಡ್ಡ ಕೂದಲು. ಬಾಗಲಕೋಟೆಯ ಒಣ ಹವೆಗೆ ಹೇಳಿ ಮಾಡಿಸಿದ ಮೈಕಟ್ಟು. ಆದರೆ ಅದು ವೇಗದ ಓಟಗಾರ, ಓಡಿದಷ್ಟೂ ಬಿಸಿ ಹುಟ್ಟಿಸುವ ಪ್ರಾಣಿ, ಕರಿಕೆಯ ತೇವಕ್ಕೆ ಅದಕ್ಕೂ ರಿಯಾಯಿತಿಯಿಲ್ಲ. ತೋಟ ಕಾಯುವ ಊರ ನಾಯಿ ಇಲ್ಲಿನ ಹವೆಗೆ ಹೆಚ್ಚು ಒಗ್ಗಿಕೊಂಡಿದ್ದು ನಿಜ, ಆದರೆ ಅದು ಉಳಿದಿರುವುದು ಮಧ್ಯಾಹ್ನ ಮಲಗಿದ್ದರಿಂದ.

ರಜೆಗೆ ಬೆಂಗಳೂರಿನಿಂದ ಮಕ್ಕಳ ಜೊತೆ ಕಾರಿನಲ್ಲಿ ಬರುವ ಅಪಾರ್ಟ್‌ಮೆಂಟಿನ ನಾಯಿಯ ಬಗ್ಗೆ ನನಗೆ ಹೆಚ್ಚು ಕಾಳಜಿ. ಫ್ಯಾನು, ಏಸಿಯ ಕೆಳಗೆ ಬೆಳೆದ ನಾಯಿ ಒಂದೇ ದಿನದಲ್ಲಿ ಬೇರೆ ಹವೆಗೆ ಬಂದಿಳಿಯುತ್ತದೆ. ಹೊಸ ಸೆಕೆಗೆ ನಾಯಿಯ ಮೈ ಸ್ವಲ್ಪ ಮಟ್ಟಿಗಾದರೂ ಒಗ್ಗಲು ಹತ್ತಿಪ್ಪತ್ತು ದಿನ ಬೇಕು, ಪೂರ್ತಿ ಒಗ್ಗಲು ಎರಡು ತಿಂಗಳೂ ಹಿಡಿಯಬಹುದು. ಅಷ್ಟರಲ್ಲಿ ರಜೆಯೇ ಮುಗಿದಿರುತ್ತದೆ. ಮೊದಲ ವಾರ ಅದು ಅತಿಥಿಯಂತೆ ಇರಲಿ. ನೆರಳು, ನೀರು, ಗಿಡ್ಡ ನಡಿಗೆ, ಅಷ್ಟೇ. ಅಜ್ಜನ ಮನೆಯ ನಾಯಿಯ ಜೊತೆ ತೋಟ ಸುತ್ತುವ ಪೈಪೋಟಿ ಬೇಡ.

ದಾರಿಯಲ್ಲಿ ಇನ್ನೊಂದು ಅಪಾಯವಿದೆ. ಭಾಗಮಂಡಲದಲ್ಲಿ ಇಳಿದು ಭಗಂಡೇಶ್ವರನ ದರ್ಶನ ಮುಗಿಸಿ ಬರುವಷ್ಟರಲ್ಲಿ ನಾಯಿ ಕಾರಿನಲ್ಲೇ ಇರಲಿ, ಗಾಜು ಒಂದಿಷ್ಟು ಇಳಿಸಿದ್ದೇವಲ್ಲ ಎನ್ನುವುದು. ಅಮೆರಿಕದಲ್ಲಿ ಮಕ್ಕಳ ಸುರಕ್ಷತೆಗೆಂದೇ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಬಿಸಿಲಲ್ಲಿ ನಿಂತ ಕಾರಿನೊಳಗಿನ ಉಷ್ಣಾಂಶ ಒಂದು ಗಂಟೆಯಲ್ಲಿ ಸರಾಸರಿ 22 ಡಿಗ್ರಿ ಏರುವುದನ್ನು ದಾಖಲಿಸಿತು. ಆ ಏರಿಕೆಯ ಬಹುಪಾಲು ಆಗುವುದು ಮೊದಲ ಅರ್ಧ ಗಂಟೆಯಲ್ಲೇ. ಗಾಜು ಸ್ವಲ್ಪ ಇಳಿಸಿದ್ದರಿಂದ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಮಗುವನ್ನು ಬಿಟ್ಟುಹೋಗದ ಕಾರಿನಲ್ಲಿ ನಾಯಿಯನ್ನೂ ಬಿಡಬೇಡಿ. ಒಬ್ಬರು ನೆರಳಲ್ಲಿ ಜೊತೆಗೆ ನಿಂತರೆ ಆಯಿತು, ದರ್ಶನ ಸರದಿಯ ಮೇಲಾಗಲಿ.

ಈಗ ಸಮಯದ ವಿಚಾರ. ಬೇಸಿಗೆಯಲ್ಲಿ ನಸುಕಿನಲ್ಲಿ, ಇಲ್ಲವೇ ಕತ್ತಲಾಗುವಾಗ ನಾಯಿಯನ್ನು ಸುತ್ತಾಡಿಸಿ ಎಂಬ ಸಲಹೆ ಎಲ್ಲ ಕಡೆ ಸಿಗುತ್ತದೆ. ನಗರಕ್ಕೆ ಅದು ಸರಿ. ಪಟ್ಟಿಘಾಟ್ ಮೀಸಲು ಅರಣ್ಯದ, ತಲಕಾವೇರಿ ವನ್ಯಜೀವಿ ಧಾಮದ ಆಸುಪಾಸಿನಲ್ಲಿ ಬದುಕುವವರು ಆ ಸಲಹೆಯನ್ನು ಹಾಗೇ ಪಾಲಿಸುವಂತಿಲ್ಲ. ನಸುಕು, ಮುಸ್ಸಂಜೆ ಆನೆ ಓಡಾಡುವ ಹೊತ್ತು. ಬೇಸಿಗೆಯಲ್ಲಿ ನೀರು, ಹಲಸು ಹುಡುಕಿ ಅವು ತೋಟಕ್ಕೂ ಇಳಿಯುತ್ತವೆ. ಆನೆಯನ್ನು ಕಂಡು ಬೊಗಳಿ ಕೆಣಕಿದ ನಾಯಿ, ಆನೆ ಅಟ್ಟಿಸಿಕೊಂಡು ಬಂದಾಗ ಓಡಿ ಬರುವುದು ತನ್ನ ಮನೆಯವರ ಕಾಲ ಬಳಿಗೇ. ಚಿರತೆಗೆ ನಾಯಿಯೇ ಸುಲಭದ ಬೇಟೆ. ಆದ್ದರಿಂದ ಇಲ್ಲಿನ ಲೆಕ್ಕ ಬೇರೆ: ಪೂರ್ತಿ ಬೆಳಕು ಹರಿದ ಮೇಲೆ, ಬಿಸಿಲು ಏರುವ ಮುಂಚೆ, ಅಂದರೆ ಸುಮಾರು ಆರೂವರೆಯಿಂದ ಎಂಟರ ಒಳಗೆ, ಮನೆಯ ಹತ್ತಿರದ ದಾರಿಯಲ್ಲಿ, ಹಗ್ಗ ಹಾಕಿ, ದೊಡ್ಡವರೊಬ್ಬರು ಜೊತೆಗಿದ್ದು ನಡೆಸುವುದು. ಸಂಜೆ ಐದರ ಮೇಲೆ ಅಂಗಳದೊಳಗೆ ಸ್ವಲ್ಪ ಆಟ. ಉಳಿದ ಹೊತ್ತಿನ ಓಟವನ್ನು ಸಂಪೂರ್ಣ ಬಿಡುವುದೇ ಒಳ್ಳೆಯದು. ಒಂದು ದಿನ ನಡಿಗೆ ತಪ್ಪಿದರೆ ಯಾವ ನಾಯಿಗೂ ಏನೂ ಆಗುವುದಿಲ್ಲ.

"ಅಷ್ಟು ಕಡಿಮೆ ಓಡಾಟಕ್ಕೆ ಅದು ಮನೆಯಲ್ಲಿ ಗಲಾಟೆ ಮಾಡುತ್ತದಲ್ಲ" ಎಂಬುದು ನ್ಯಾಯವಾದ ಪ್ರಶ್ನೆ. ನಾಯಿಗೆ ಕಾಲಿನಷ್ಟೇ ಮೂಗಿಗೂ ಕೆಲಸ ಬೇಕು, ಮತ್ತು ಮೂಗಿನ ಕೆಲಸ ಅದನ್ನು ಚೆನ್ನಾಗಿ ದಣಿಸುತ್ತದೆ. ಮಧ್ಯಾಹ್ನ ತಣ್ಣನೆಯ ನೆಲದ ಮೇಲೆ ಮಗು ಅದರ ಊಟದ ಒಂದು ಪಾಲನ್ನು ತುಣುಕು ಮಾಡಿ ಚೀಲದ ಕೆಳಗೆ, ಮಣೆಯ ಹಿಂದೆ, ಹಳೆಯ ಟವೆಲಿನ ಮಡಿಕೆಯೊಳಗೆ ಅಡಗಿಸಲಿ. ನಾಯಿ ಮೂಸಿ ಹುಡುಕಲಿ. ಓಟವಿಲ್ಲ, ಏದುಸಿರಿಲ್ಲ. ಮಗುವಿಗೂ ಇದು ಚೆಂಡಿನಾಟಕ್ಕಿಂತ ಹೆಚ್ಚು ಹಿಡಿಸುತ್ತದೆ, ಏಕೆಂದರೆ ಅಡಗಿಸುವ ಜಾಣತನ ಅದರದ್ದು. ಮೂರು ಲೋಟ ಬೋರಲು ಹಾಕಿ ಒಂದರ ಕೆಳಗೆ ತಿಂಡಿ ಇಡುವ ಆಟವನ್ನೂ ಮಕ್ಕಳು ತಾವಾಗಿಯೇ ಕಂಡುಕೊಳ್ಳುತ್ತಾರೆ.

ತೋಡಿನ ನೀರು ನಾಯಿಗೆ ಒಳ್ಳೆಯದೇ, ನಿಂತ ಕಡೆ ಹೊಟ್ಟೆ ಮುಳುಗುವಷ್ಟಿದ್ದರೆ ಸಾಕು. ಆದರೆ ಮಕ್ಕಳನ್ನು ನಾಯಿಯ ಜೊತೆ ಹೊಳೆಗೆ ಕಳಿಸಬೇಡಿ. ನಾಯಿ ಜೊತೆಗಿದೆ ಎಂಬ ಧೈರ್ಯ ಈಜು ಬಾರದ ಮಗುವಿಗೆ ಆಸರೆಯಾಗದು.

ನೆಲದ ಬಿಸಿಯನ್ನು ನಾವು ಚಪ್ಪಲಿ ಹಾಕಿಕೊಂಡಿರುವುದರಿಂದ ಮರೆಯುತ್ತೇವೆ. ಗಾಳಿ 30 ಡಿಗ್ರಿಯಿದ್ದಾಗ ನೇರ ಬಿಸಿಲು ಬಿದ್ದ ಡಾಂಬರು 60ರ ಆಸುಪಾಸಿಗೆ ಕಾಯಬಲ್ಲದು. ಅಡಿಕೆ, ಕಾಳುಮೆಣಸು ಒಣಗಿಸುವ ಸಿಮೆಂಟು ಕಣವೂ ಕಡಿಮೆಯೇನಲ್ಲ, ಸೆಕೆ ಹಿಡಿದಿಡಲೆಂದೇ ಅದನ್ನು ಬಿಸಿಲಿಗೆ ಮಾಡಿರುತ್ತೇವೆ. ಮಗುವಿಗೆ ಒಂದು ಕೆಲಸ ಕೊಡಿ: ನಾಯಿಯನ್ನು ಹೊರಗೆ ಕರೆಯುವ ಮೊದಲು ತನ್ನ ಮುಂಗೈಯನ್ನು ನೆಲಕ್ಕಿಟ್ಟು ಏಳರವರೆಗೆ ಎಣಿಸಬೇಕು. ಅಷ್ಟರೊಳಗೆ ಕೈ ತೆಗೆಯಬೇಕೆನಿಸಿದರೆ ನಾಯಿ ಹೊರಗೆ ಬರುವಂತಿಲ್ಲ. ನಾನು ಈ ಪರೀಕ್ಷೆಯನ್ನು ಮೆಚ್ಚುವುದು ನೆಲದ ಬಿಸಿಗಾಗಿ ಮಾತ್ರವಲ್ಲ. ಇನ್ನೊಂದು ಜೀವದ ಕಾಲನ್ನು ತನ್ನ ಕೈಯಿಂದ ಅಳೆಯುವುದನ್ನು ಮಗು ಅದರಲ್ಲಿ ಕಲಿಯುತ್ತದೆ.

ಜವಾಬ್ದಾರಿ ಕಲಿಯಲಿ ಎಂದು ಹತ್ತು ವರ್ಷದ ಮಗುವಿಗೆ "ನಾಯಿ ಇನ್ನು ನಿನ್ನದೇ, ಎಲ್ಲಾ ನೀನೇ ನೋಡ್ಕೋಬೇಕು" ಎಂದು ಒಪ್ಪಿಸುವ ಪೋಷಕರಿದ್ದಾರೆ. ಉದ್ದೇಶ ಒಳ್ಳೆಯದು, ಹೊರೆ ಮಾತ್ರ ದೊಡ್ಡದು. ಆ ವಯಸ್ಸಿನ ಮಗು ಹೇಳಿದ ಕೆಲಸವನ್ನು ನಿಷ್ಠೆಯಿಂದ ಮಾಡಬಲ್ಲದು, ಆದರೆ ಆಟದ ಹುರುಪಿನ ನಡುವೆ ನಿರ್ಣಯ ತೆಗೆದುಕೊಳ್ಳಲಾರದು. ಕೆಲಸಗಳನ್ನು ಕೊಡಿ, ನಿರ್ಣಯವನ್ನು ನಿಮ್ಮಲ್ಲೇ ಇಟ್ಟುಕೊಳ್ಳಿ. ನೀರಿನ ಪಾತ್ರೆ ಒಂದರ ಬದಲು ಮೂರು ಕಡೆ ಇಡುವುದು, ಬಿಸಿಲು ಸರಿದಂತೆ ಪಾತ್ರೆಯನ್ನೂ ನೆರಳಿಗೆ ಸರಿಸುವುದು, ಮಲಗಿದ ನಾಯಿಯ ಪಕ್ಕೆ ಏರಿಳಿಯುವುದನ್ನು ಗಡಿಯಾರ ನೋಡಿ ಎಣಿಸುವುದು ಇವೆಲ್ಲ ಮಗುವಿನ ಪಾಲಿಗೆ ಬರಲಿ. ತಣ್ಣಗೆ ನಿದ್ದೆಯಲ್ಲಿರುವ ನಾಯಿಯ ಉಸಿರು ನಿಮಿಷಕ್ಕೆ 30 ದಾಟಬಾರದು. ಕ್ಯಾಲೆಂಡರಿನ ಮೂಲೆಯಲ್ಲಿ ದಿನಾ ಬರೆದಿಟ್ಟರೆ ವೈದ್ಯರಿಗೂ ಉಪಯೋಗಕ್ಕೆ ಬರುತ್ತದೆ.

ಗೂಡಿನ ವಿಚಾರಕ್ಕೆ ಹೆಚ್ಚು ಮಾತು ಬೇಡ. ಚಿರತೆಯ ಹೆದರಿಕೆಗೆ ರಾತ್ರಿ ಕೂಡಿಹಾಕುವ ಕಬ್ಬಿಣದ ಗೂಡು, ತಗಡಿನ ಮಾಡು ಹಗಲಿಗೆ ಒಲೆಯಂತಾಗುತ್ತದೆ. ಹಗಲು ಅಲ್ಲಿ ಕಟ್ಟಬೇಡಿ, ಬೇರೆ ದಾರಿಯಿಲ್ಲದಿದ್ದರೆ ಮಾಡಿನ ಮೇಲೆ ಸೋಗೆ ಹೊದಿಸಿ, ಗಾಳಿ ಹಾಯಲು ಬಿಡಿ. ಪೊಮೆರೇನಿಯನ್, ಜರ್ಮನ್ ಶೆಫರ್ಡ್‌ಗಳ ಕೂದಲನ್ನು ಬೋಳಿಸಬೇಡಿ. ಆ ಎರಡು ಪದರದ ಕೂದಲು ಬಿಸಿಲನ್ನೂ ತಡೆಯುತ್ತದೆ. ಒಳಗಿನ ಸತ್ತ ಕೂದಲು ಉದುರುವಂತೆ ಬಾಚಿದರೆ ಸಾಕು. ಮಾವಿನ ಕಾಲ, ಮಕ್ಕಳು ಚೀಪಿ ಎಸೆದ ಗೊರಟನ್ನು ನಾಯಿ ನುಂಗಿ ಕರುಳಿಗೆ ಅಡ್ಡವಾಗುವುದುಂಟು, ಗೊರಟು ಬುಟ್ಟಿಗೇ ಬೀಳಲಿ. ಉಪ್ಪುಮೀನಿನ ಉಳಿಕೆ ಬೇಡ. ಕಿವಿಯೊಳಗೆ, ಬೆರಳ ಸಂದಿಯಲ್ಲಿ ಉಣ್ಣಿ ಇದೆಯೇ ಎಂದು ದಿನಾ ನೋಡಿ. ಉಣ್ಣಿಯಿಂದ ಬರುವ ಜ್ವರವನ್ನು ಸೆಕೆಯ ದಣಿವೆಂದು ತಪ್ಪು ತಿಳಿಯುವುದುಂಟು.

ಕಚ್ಚುವ ವಿಷಯ ಹೇಳದೆ ಮುಂದೆ ಹೋಗುವಂತಿಲ್ಲ. ಅಮೆರಿಕದ ಎಂಟು ನಗರಗಳ ಹತ್ತು ವರ್ಷಗಳ, ಹೆಚ್ಚುಕಡಿಮೆ 70,000 ಕಡಿತಗಳ ದಾಖಲೆ ನೋಡಿದ 2023ರ ಅಧ್ಯಯನವೊಂದು, ಸೆಕೆ ಹೆಚ್ಚಿದ ದಿನಗಳಲ್ಲಿ ನಾಯಿ ಕಡಿತವೂ ತುಸು ಹೆಚ್ಚುವುದನ್ನು ಕಂಡಿತು. ಬಿಸಿಲ ದಿನಗಳಲ್ಲಿ ಮಕ್ಕಳು ಹೊರಗೆ ಹೆಚ್ಚು ಇರುವುದೂ ಕಾರಣವಿರಬಹುದು, ನಾಯಿಯ ಸಹನೆ ಕುಗ್ಗುವುದೂ ಇರಬಹುದು. ಮನೆಯಲ್ಲಿ ನಡೆಯುವುದು ಹೀಗೆ: ಸೆಕೆಗೆ ನೆಲಕ್ಕೊರಗಿ ಮಲಗಿದ ನಾಯಿಯನ್ನು ಮಗು ತಬ್ಬಿಕೊಳ್ಳುತ್ತದೆ, ಮಗುವಿನ ಮೈಯ ಬಿಸಿಯೂ ಸೇರುತ್ತದೆ. ನಾಯಿ ಮುಖ ತಿರುಗಿಸುತ್ತದೆ, ಎದ್ದು ಬೇರೆಡೆ ಮಲಗುತ್ತದೆ, ಮಗು ಅಲ್ಲಿಗೂ ಹೋಗುತ್ತದೆ. ಆಮೇಲೆ ಗುರ್ ಎನ್ನುತ್ತದೆ. ಆ ಗುರುಗುಟ್ಟುವಿಕೆಗೆ ಹೊಡೆಯಬೇಡಿ. ಅದು ನಾಯಿ ಕೊಡುತ್ತಿರುವ ಎಚ್ಚರಿಕೆ. ಎಚ್ಚರಿಸಿದ್ದಕ್ಕೆ ಏಟು ತಿಂದ ನಾಯಿ ಮುಂದೆ ಎಚ್ಚರಿಸದೆ ಕಚ್ಚುತ್ತದೆ. ನಾಯಿ ಮಲಗುವ, ಉಣ್ಣುವ ಜಾಗ ಮಕ್ಕಳು ಮುಟ್ಟದ ಜಾಗವಾಗಿರಲಿ. ಈ ಸೀಮೆಯ ಮಕ್ಕಳಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಪರಶ್ಶಿನಿಕಡವಿನ ಮುತ್ತಪ್ಪನ ಸನ್ನಿಧಿಯಲ್ಲಿ ನಾಯಿಗಳು ಯಾರ ಅಡ್ಡಿಯೂ ಇಲ್ಲದೆ ಓಡಾಡುವುದನ್ನು ಅವರಲ್ಲಿ ಎಷ್ಟೋ ಮಂದಿ ನೋಡಿದ್ದಾರೆ. ಕೊಡಗಿನ ದೇವರಕಾಡುಗಳಲ್ಲಿ ಅಯ್ಯಪ್ಪನಿಗೆ ಹರಕೆಯಾಗಿ ಒಪ್ಪಿಸಿದ ಮಣ್ಣಿನ ನಾಯಿಗಳನ್ನೂ ಕಂಡಿರುತ್ತಾರೆ. ನಾಯಿಗೆ ಅದರದ್ದೇ ಜಾಗವಿದೆ ಎಂಬುದು ಅವರಿಗೆ ಹೊಸ ಮಾತಲ್ಲ.

ಇಷ್ಟಾಗಿಯೂ ಹಲ್ಲು ತಾಗಿ ಗಾಯವಾದರೆ, ಸಾಕಿದ ನಾಯಿಯೇ ಆಗಿರಲಿ, ಲಸಿಕೆ ಹಾಕಿಸಿದ್ದೇ ಆಗಿರಲಿ, ಸೋಪು ಹಚ್ಚಿ ಹರಿಯುವ ನೀರಿನಲ್ಲಿ 15 ನಿಮಿಷ ಗಾಯ ತೊಳೆದು ಅದೇ ದಿನ ಆಸ್ಪತ್ರೆಗೆ ತೋರಿಸಿ. ಅರಿಶಿನ, ಸುಣ್ಣ ಮೆತ್ತಬೇಡಿ. ಬೈಗುಳಕ್ಕೆ ಹೆದರಿ ಮಕ್ಕಳು ಸಣ್ಣ ಗಾಯವನ್ನು ಮುಚ್ಚಿಡುತ್ತಾರೆ. ಹೇಳಿದರೆ ಬೈಯುವುದಿಲ್ಲ ಎಂದು ರಜೆಯ ಮೊದಲ ದಿನವೇ ಮಾತು ಕೊಟ್ಟಿರಿ.

ಕೊನೆಯದಾಗಿ, ನಾಯಿ ಸೆಕೆಗೆ ಕುಸಿದಾಗ ಮಾಡಬೇಕಾದದ್ದು. ನಡೆಯುವಾಗ ತೂರಾಡುವುದು, ವಾಂತಿ, ಒಸಡು ಇಟ್ಟಿಗೆಯ ಹಾಗೆ ಕೆಂಪಾಗುವುದು, ಕರೆದರೆ ನೋಡದಿರುವುದು, ಬಿದ್ದುಬಿಡುವುದು, ಸೆಟೆದುಕೊಳ್ಳುವುದು ಇವು ಶಾಖಾಘಾತದ ಗುರುತು. ಕರಿಕೆಯಿಂದ ಮಡಿಕೇರಿಗೆ ಹೋಗಲು ಭಾಗಮಂಡಲದ ಘಾಟಿ ಹತ್ತಬೇಕು, ಕಾಞಂಗಾಡಿಗೆ ಹೋಗಲು ಪಾಣತ್ತೂರಿಗೆ ಇಳಿಯಬೇಕು. ಯಾವ ದಾರಿಯೂ ಹತ್ತಿರದ್ದಲ್ಲ. ಹಾಗಾಗಿ ಮೊದಲು ತಣಿಸಿ, ಆಮೇಲೆ ಸಾಗಿಸಿ. ನಾಯಿಯನ್ನು ನೆರಳಿಗೆ ತಂದು ಬಾವಿಯ ನೀರೋ ನಲ್ಲಿಯ ನೀರೋ ಸಿಕ್ಕಿದ್ದನ್ನು ಮೈಮೇಲೆ, ಮುಖ್ಯವಾಗಿ ಹೊಟ್ಟೆ, ತೊಡೆಸಂದು, ಕಂಕುಳಿಗೆ ಎಡೆಬಿಡದೆ ಸುರಿಯಿರಿ. ಮೂಗು ಬಾಯಿಗೆ ನೀರು ಹೋಗದಂತೆ ತಲೆ ಎತ್ತಿ ಹಿಡಿದಿರಿ. ಫ್ಯಾನು ಹಾಕಿ, ಕರೆಂಟಿಲ್ಲದಿದ್ದರೆ ಮೊರದಿಂದ ಬೀಸಿ. ನೀರು ತಣ್ಣಗಿದ್ದರೆ ಆಘಾತವಾದೀತೆಂದು ಕಾಯುತ್ತಾ ಕೂರಬೇಡಿ, ನಾಯಿಯ ಮೈಗಿಂತ ತಣ್ಣಗಿರುವ ಯಾವ ನೀರಾದರೂ ಸರಿ. ನಮ್ಮ ಮನೆಗಳಲ್ಲಿ ಒದ್ದೆ ಗೋಣಿ ಹೊದಿಸಿ ಬಿಡುವ ರೂಢಿಯಿದೆ. ಸ್ವಲ್ಪ ಹೊತ್ತಿಗೆ ಆ ಗೋಣಿಯೇ ಬಿಸಿಯಾಗಿ ಸೆಕೆಯನ್ನು ಒಳಗೆ ಹಿಡಿದಿಡುತ್ತದೆ, ಬೇಡ. ಪ್ರಜ್ಞೆ ತಪ್ಪುತ್ತಿರುವ ನಾಯಿಯ ಬಾಯಿಗೆ ಎಳನೀರನ್ನಾಗಲಿ ಈರುಳ್ಳಿ ರಸವನ್ನಾಗಲಿ ಹಾಕಬೇಡಿ, ಅದು ಶ್ವಾಸಕೋಶಕ್ಕೆ ಹೋಗುತ್ತದೆ. ಪ್ಯಾರಾಸಿಟಮಾಲ್‌ನಂಥ ಜ್ವರದ ಮಾತ್ರೆಯೂ ಬೇಡ. ಜ್ವರದಲ್ಲಿ ಮೆದುಳೇ ಮೈಯ ಬಿಸಿಯನ್ನು ಏರಿಸಿರುತ್ತದೆ, ಮಾತ್ರೆ ಅದನ್ನು ಇಳಿಸುತ್ತದೆ. ಶಾಖಾಘಾತದಲ್ಲಿ ಬಿಸಿ ಹೊರಹೋಗಲಾರದೆ ಸಿಕ್ಕಿಕೊಂಡಿರುತ್ತದೆ, ಮಾತ್ರೆಯಿಂದ ಪ್ರಯೋಜನವಿಲ್ಲ, ನಾಯಿಯ ಯಕೃತ್ತಿಗೆ ಕೇಡೂ ಹೌದು.

ಉಸಿರು ತಗ್ಗಿ ನಾಯಿ ಕಣ್ಣರಳಿಸಿ ನೋಡತೊಡಗಿದಾಗ ನೀರು ನಿಲ್ಲಿಸಿ ವಾಹನ ಹತ್ತಿಸಿ, ಕಿಟಕಿ ತೆರೆದಿರಲಿ. ಪಶು ಸಂಗೋಪನಾ ಇಲಾಖೆಯ 1962 ಸಂಖ್ಯೆಗೂ, ಪರಿಚಯದ ಪಶುವೈದ್ಯರಿಗೂ ಒಬ್ಬರು ಕರೆ ಮಾಡುತ್ತಿರಲಿ. ಎದ್ದು ನಿಂತು ಬಾಲ ಆಡಿಸಿದರೂ ಆಸ್ಪತ್ರೆ ತಪ್ಪಿಸಬೇಡಿ. ಮೂತ್ರಪಿಂಡದ ಹಾನಿ, ರಕ್ತ ಹೆಪ್ಪುಗಟ್ಟುವುದರಲ್ಲಿನ ಏರುಪೇರು ಕಾಣಿಸಿಕೊಳ್ಳುವುದು ಒಂದೆರಡು ದಿನ ಕಳೆದ ಮೇಲೆ.

ಎಲ್ಲ ಮಾಡಿದರೂ ಕೆಲವೊಮ್ಮೆ ನಾಯಿ ಉಳಿಯುವುದಿಲ್ಲ. ಬ್ರಿಟನ್ನಿನ ಅದೇ ದಾಖಲೆಗಳಲ್ಲಿ ಸೆಕೆಗೆ ಸಿಕ್ಕ ಏಳು ನಾಯಿಗಳಲ್ಲಿ ಒಂದರಂತೆ ಸತ್ತಿವೆ. ಆಗ ಚೆಂಡು ಎಸೆದದ್ದು ತಾನು ಎಂಬುದು ಮಗುವಿಗೆ ಗೊತ್ತಿರುತ್ತದೆ, ಬಾಯಿಬಿಟ್ಟು ಹೇಳದಿರಬಹುದು. "ಎಲ್ಲೋ ಓಡಿಹೋಯ್ತು" ಎಂದು ಸುಳ್ಳು ಹೇಳಬೇಡಿ, ಮಗು ವರ್ಷಗಟ್ಟಲೆ ದಾರಿ ಕಾಯುತ್ತದೆ. ಸತ್ತಿದೆ ಎಂದು ಸರಳವಾಗಿ ಹೇಳಿ. ಸೆಕೆಯಿಂದ ಅದರ ಮೈ ಬಿಸಿಯಾಯಿತು, ಅದನ್ನು ಗುರುತಿಸಬೇಕಾಗಿದ್ದದ್ದು ದೊಡ್ಡವರಾದ ನಾವು ಎಂಬ ಮಾತು ನಿಮ್ಮ ಬಾಯಿಂದಲೇ ಬರಲಿ. ಹೂಳುವಾಗ ಮಗು ಹತ್ತಿರ ಇರಬೇಕೆಂದು ಕೇಳಿದರೆ ಇರಲಿ. ದುಃಖ ಮರೆಸಲೆಂದು ಮರುವಾರವೇ ಇನ್ನೊಂದು ಮರಿ ತರುವ ಆತುರ ಬೇಡ.

ಇದೆಲ್ಲದರಲ್ಲಿ ಪೋಷಕರು ಎಡವುವ ಒಂದು ಹೊತ್ತಿದೆ, ಅದು ಮೇ ಕೊನೆಯ ವಾರ. ಒಂದೆರಡು ಮಳೆ ಬಿದ್ದು ಮೋಡ ಕಟ್ಟಿರುತ್ತದೆ, ಬಿಸಿಲಿಲ್ಲವಲ್ಲ ಎಂದು ಮಧ್ಯಾಹ್ನದ ಆಟ ಮತ್ತೆ ಶುರುವಾಗುತ್ತದೆ. ಗಾಳಿಯ ತೇವ ವರ್ಷದಲ್ಲೇ ಹೆಚ್ಚು ಹಿಂಸೆ ಕೊಡುವುದು ಆಗಲೇ. ಜೂನ್‌ನಲ್ಲಿ ಮುಂಗಾರು ಹಿಡಿದು ರಾತ್ರಿಗೆ ಹೊದಿಕೆ ಬೇಕೆನಿಸುವವರೆಗೆ ನಾಯಿಯ ವೇಳಾಪಟ್ಟಿಯನ್ನು ಬದಲಿಸಬೇಡಿ.